ಅಂಜನಮ್ಮನವರ ತಲೆಯ ಮೇಲೆ ಹದಿನಾರು ನೆಗೆತ

ಜನವರಿ 4, 2025, ಶನಿವಾರ

ಆಫೀಸಿನಲ್ಲಿ ಪುಕ್ಕಟೆ ಕೊಟ್ಟ ಡೈರಿ ಇದು. ಮೊದಲ ಮೂರು ಪುಟ ಖಾಲಿ ಬಿಟ್ಟಾಯಿತು, ನನ್ನ ಪದ್ಧತಿಯಂತೆ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಏಳಕ್ಕೆ ಜೆ.ಪಿ. ನಗರದಲ್ಲಿ ಬ್ಯಾಲೆ ಕ್ಲಾಸು. ಮುಗಿಯುವಾಗ ಚೈತನ್ಯ ಸಾರ್ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ ಹೇಳಿದರು: "ಏಪ್ರಿಲ್‌ನಿಂದ ಈ ಟೈಮು ಮಕ್ಕಳ ಬ್ಯಾಚ್‌ಗೆ ಹೋಗುತ್ತೆ. ಏಪ್ರಿಲ್ ಐದಕ್ಕೆ ಒಂದು ಟೆಸ್ಟ್ ಇಡ್ತೀನಿ. ಪಾಸಾದವ್ರು ಭಾನುವಾರದ ಬ್ಯಾಚ್‌ಗೆ ಬರಬಹುದು. ಉಳಿದವ್ರಿಗೆ ಸದ್ಯಕ್ಕೆ ಬ್ಯಾಚ್ ಇಲ್ಲ."

ಟೆಸ್ಟ್ ಏನೆಂದರೆ, ಒಂದರ ಹಿಂದೊಂದು ಹದಿನಾರು ಸಲ ನೆಗೆಯಬೇಕು. ಅವರು ನಮಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ, ನೋಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ನೆಲಕ್ಕೆ ಇಳಿಯುವ ಸದ್ದು ಎರಡಕ್ಕಿಂತ ಹೆಚ್ಚು ಸಲ ಕೇಳಿಸಿದರೆ ಫೇಲು. ಆಮೇಲೆ ನನ್ನ ಕಡೆ ನೋಡಿ, "ಮೇಡಂ, ನಿಮ್ಮ ಕೈ ಪರವಾಗಿಲ್ಲ, ಬೆನ್ನು ಪರವಾಗಿಲ್ಲ. ಆದ್ರೆ ನೀವು ಇಳಿಯೋದು ಕೆಳಗಡೆ ಪಾರ್ಕಿಂಗ್‌ಗೆ ಕೇಳುತ್ತೆ" ಎಂದರು. ಇಪ್ಪತ್ತೆಂಟು ವರ್ಷದ ಹುಡುಗ. ನಾನು ಮೂವತ್ತೊಂಬತ್ತರ ಹೆಂಗಸು. ಎಲ್ಲರೂ ನಕ್ಕರು, ನಾನೂ ನಕ್ಕೆ. ನನಗಂತೂ ನನ್ನ ಸದ್ದು ಒಂದು ಚೂರೂ ಕೇಳಿಸುವುದಿಲ್ಲ.

ಮನೆಗೆ ಬಂದು ಹೇಳಿದರೆ ಸೋಮನಾಥ್ ಪೇಪರಿನಿಂದ ತಲೆ ಎತ್ತದೆ, "ಅಟ್ಟದಲ್ಲಿ ಜಾಗ ಮಾಡ್ಲಾ?" ಎಂದರು. ಬಚ್ಚಲುಮನೆಯ ಮೇಲಿನ ಅಟ್ಟದಲ್ಲಿ ಸದ್ಯ ಇರುವವು: ತಂತಿ ಕಡಿದ ಗಿಟಾರು, ಹೊಲಿಗೆ ಮಶೀನು, ಈಜುವ ಕನ್ನಡಕ, ಜರ್ಮನ್ ಪುಸ್ತಕ ಎರಡು, ಬಣ್ಣದ ಡಬ್ಬಿ, ಸುತ್ತಿಟ್ಟ ಯೋಗದ ಚಾಪೆ. ಎಲ್ಲ ನನ್ನವೇ. ಎಲ್ಲವೂ ಅರ್ಧಕ್ಕೆ ಬಿಟ್ಟವು. ಗಂಡ ಕೆಟ್ಟವರಲ್ಲ, ಲೆಕ್ಕದ ಮೇಷ್ಟ್ರು. ಪದ್ಮನಾಭನಗರದಲ್ಲಿ ಟ್ಯೂಷನ್ ಹೇಳುತ್ತಾರೆ. ಹಿಂದಿನ ಉದಾಹರಣೆ ನೋಡಿ ಮುಂದಿನದನ್ನು ಹೇಳುವುದು ಅವರಿಗೆ ಅಭ್ಯಾಸವಾಗಿದೆ.

ಇದೊಂದನ್ನು ಅಟ್ಟಕ್ಕೆ ಹಾಕುವುದಿಲ್ಲ. ಬರೆದಿಟ್ಟಿದ್ದೇನೆ.

ಜನವರಿ 7, ಮಂಗಳವಾರ

ಐದೂವರೆಗೆ ಅಲಾರಂ. ಫ್ರಿಜ್ಜಿನ ಮೇಲೆ ಟೈಮ್‌ಟೇಬಲ್ ಅಂಟಿಸಿದೆ, ಮೂರು ಬಣ್ಣದ ಪೆನ್ನಿನಲ್ಲಿ. ಅಡುಗೆಕಟ್ಟೆ ಸರಿಯಾಗಿ ಸೊಂಟದ ಎತ್ತರಕ್ಕಿದೆ. ಕ್ಲಾಸಿನಲ್ಲಿ ಹಿಡಿದುಕೊಳ್ಳುವ ಕಂಬಿಯ ಬದಲು ಅದನ್ನೇ ಹಿಡಿದು ಮಂಡಿ ಬಗ್ಗಿಸುವುದು, ಹಿಮ್ಮಡಿ ಎತ್ತುವುದು, ಎಲ್ಲ ಮಾಡಿದೆ. ಆಮೇಲೆ ನಡುಮನೆಗೆ ಬಂದು ನೆಗೆದೆ.

ನಾಲ್ಕನೇ ನೆಗೆತಕ್ಕೆ ಕೆಳಗಿನಿಂದ ಟಕ್ ಟಕ್ ಟಕ್.

ಓನರ್ ಅಂಜನಮ್ಮನವರು. ನಾವು ಅವರ ತಲೆಯ ಮೇಲೇ ವಾಸವಾಗಿದ್ದೇವೆ ಎನ್ನುವುದು ಮರೆತೇ ಹೋಗಿತ್ತು. ಜೇಡರ ಬಲೆ ತೆಗೆಯುವ ಉದ್ದನೆಯ ಕೋಲಿನಲ್ಲಿ ತಮ್ಮ ಮನೆಯ ಚಾವಣಿಗೆ ಕುಟ್ಟಿದ್ದಾರೆ. ಸೋಮನಾಥ್ ಕೋಣೆಯಿಂದ, "ಪಕ್ಕವಾದ್ಯ ಶುರುವಾಯ್ತು" ಎಂದರು.

ಜನವರಿ 14, ಮಂಗಳವಾರ, ಸಂಕ್ರಾಂತಿ

ಎಳ್ಳುಬೆಲ್ಲ ತೆಗೆದುಕೊಂಡು ಕೆಳಗೆ ಹೋದೆ. ಹೋಗುವ ಧೈರ್ಯ ಇರಲಿಲ್ಲ. ಹಬ್ಬದ ದಿನ ಬೈಯಲಾರರು ಎಂದುಕೊಂಡು ಹೋದೆ.

ಅಂಜನಮ್ಮನವರಿಗೆ ಎಪ್ಪತ್ತಾರು. ಕುಮಾರಸ್ವಾಮಿ ಲೇಔಟ್ ಆಗುವ ಮುಂಚೆ ಇದೇ ಜಾಗದಲ್ಲಿ ಅವರ ಮಾವನ ರಾಗಿ ಹೊಲವಿತ್ತಂತೆ. ಮಗ ಚಿಕ್ಕಪೇಟೆಯಲ್ಲಿ ಅಂಗಡಿ ನೋಡಿಕೊಳ್ಳುತ್ತಾರೆ, ಹಗಲೆಲ್ಲ ಇವರೊಬ್ಬರೇ. ಎಳ್ಳು ಬಾಯಿಗೆ ಹಾಕಿಕೊಂಡು ಕೇಳಿದರು, "ಏನಮ್ಮಾ ಅದು, ಬೆಳಗಾನೆದ್ದು ತಲೆ ಮೇಲೆ ರಾಗಿ ಮೂಟೆ ಕೆಡವ್ದಂಗೆ?"

ಬ್ಯಾಲೆ ಎನ್ನಲು ನಾಲಿಗೆ ಏಳಲಿಲ್ಲ. "ಮಂಡಿಗೆ ಎಕ್ಸರ್‌ಸೈಜ್ ಆಂಟಿ. ಡಾಕ್ಟ್ರು ಹೇಳಿದಾರೆ" ಎಂದುಬಿಟ್ಟೆ.

"ಎಗರೋಕ್ ಹೇಳಿದ್ರಾ?"

"ಹೂಂ ಆಂಟಿ. ಮೆತ್ತಗೆ ಎಗರ್ಬೇಕಂತೆ."

ಸ್ವಲ್ಪ ಹೊತ್ತು ನನ್ನ ಮಂಡಿಯನ್ನೇ ನೋಡಿದರು. "ಡಾಕ್ಟ್ರು ಹೇಳಿದ್ ಮೇಲೆ ಬೇಡ ಅನ್ನಕ್ಕಾಯ್ತದಾ. ಮಾಡ್ಕೊ. ನಾನು ಪೂಜೆಗೆ ಕೂತಿರೋ ಹೊತ್ತು ಅದು. ಸದ್ದು ಬಂದ್ರೆ ಮಾತ್ರ ಕುಟ್ತೀನಿ ನೋಡು." ಬರುವಾಗ ಒಂದು ಪಾತ್ರೆ ಅವರೆಕಾಳು ಸಾರು ಕೊಟ್ಟರು. ಸುಳ್ಳು ಹೇಳಿ ಸಾರು ತಂದ ಹಾಗಾಯಿತು. ಸಾರು ಚೆನ್ನಾಗಿತ್ತು.

ಜನವರಿ 22, ಬುಧವಾರ

ಮಾಡಲಿಲ್ಲ. ನಿನ್ನೆಯೂ ಇಲ್ಲ. ಮೊನ್ನೆಯೂ ಇಲ್ಲ.

ಫೆಬ್ರವರಿ 1, ಶನಿವಾರ

ಕ್ಲಾಸು ತಪ್ಪಿತು. ಸ್ಕೂಟರ್ ಹತ್ತಿದ್ದೆ, ಫೋನು ಬಂತು. ಬಿಟಿಎಂನಲ್ಲಿ ಒಂದು ಅಪಾರ್ಟ್‌ಮೆಂಟಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ, ಒಳಗೆ ಅಜ್ಜ ಒಬ್ಬರು, ಅವರ ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಲಿಫ್ಟ್ ರಿಪೇರಿ ಕಂಪನಿಯಲ್ಲಿ ದೂರು ತೆಗೆದುಕೊಳ್ಳುವವಳು ನಾನು. ಮಡಿವಾಳದ ಆಫೀಸಿನಲ್ಲಿ ಕೂತು, ಯಾವ ಮೆಕ್ಯಾನಿಕ್ ಎಲ್ಲಿಗೆ ಓಡಬೇಕೆಂದು ಹೇಳುವುದು ನನ್ನ ಕೆಲಸ. ಶನಿವಾರ ನನ್ನ ರಜೆ. ಲಿಫ್ಟಿಗೆ ರಜೆ ಇಲ್ಲ.

ಈ ಬ್ಯಾಲೆ ಹತ್ತಿಕೊಂಡಿದ್ದೂ ಲಿಫ್ಟಿನಿಂದಲೇ. ಹೋದ ಆಗಸ್ಟಿನಲ್ಲಿ ಜೆ.ಪಿ. ನಗರದ ಆ ಕಟ್ಟಡದ ಲಿಫ್ಟು ಕೆಟ್ಟು ಐದಾರು ಮಕ್ಕಳು ಸಿಕ್ಕಿಕೊಂಡಿದ್ದರು. ಕ್ಷಮೆ ಕೇಳಲು ನನ್ನನ್ನು ಕಳಿಸಿದರು. ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲು ತಳ್ಳಿದರೆ, ಒಳಗೆ ನನ್ನ ವಯಸ್ಸಿನ ಎಂಟು ಹೆಂಗಸರು ಕಂಬಿ ಹಿಡಿದು ನಿಂತಿದ್ದರು. ಒಬ್ಬರ ಹೊಟ್ಟೆ ನನ್ನಷ್ಟೇ ಇತ್ತು. ಎಲ್ಲರೂ ಒಟ್ಟಿಗೆ ಮಂಡಿ ಬಗ್ಗಿಸಿ ಒಟ್ಟಿಗೆ ಎದ್ದರು. ಯಾರ ಫೋನೂ ಬಡಿದುಕೊಳ್ಳಲಿಲ್ಲ. ಕ್ಷಮೆ ಕೇಳುವುದು ಬಿಟ್ಟು ಬ್ಯಾಚ್ ಟೈಮು ಕೇಳಿಕೊಂಡು ಬಂದೆ.

ಇವತ್ತು ಸಂಜೆ ಸೋಫಾದ ಮೇಲೆ ಬಿದ್ದುಕೊಂಡು, ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಎನ್ನುವ ವಿಡಿಯೋಗಳನ್ನು ನೋಡಿದೆ. ಮುಕ್ಕಾಲು ಗಂಟೆ. ಅಷ್ಟು ಹೊತ್ತಿನಲ್ಲಿ ಮೂರು ದಿನದ ಪ್ರಾಕ್ಟೀಸ್ ಮುಗಿಯುತ್ತಿತ್ತು. ಕೂತರೆ ಕೂರಲಾಗುವುದಿಲ್ಲ, ಎದ್ದರೆ ಏನು ಮಾಡಲೂ ಮನಸ್ಸಿಲ್ಲ. ಫ್ರಿಜ್ಜಿನ ಮೇಲಿನ ಟೈಮ್‌ಟೇಬಲ್ಲಿಗೆ ಸೋಮನಾಥ್ ಗ್ಯಾಸ್ ಬುಕ್ ಮಾಡಿದ ಚೀಟಿ ಸಿಕ್ಕಿಸಿದ್ದಾರೆ. ಅದನ್ನು ನೋಡಿ ಅಳು ಬಂತು. ಇಂಥದಕ್ಕೆಲ್ಲ ಅಳುವ ಹೆಂಗಸು ನಾನಲ್ಲ.

ಫೆಬ್ರವರಿ 11, ಮಂಗಳವಾರ

ಹದಿನಾರು ನೆಗೆತ, ಹನ್ನೊಂದು ಕುಟ್ಟು.

ಅಂಜನಮ್ಮನವರದು ಎಂಥ ಕಿವಿ. ಚೈತನ್ಯ ಸಾರ್‌ಗಿಂತ ಕಟ್ಟುನಿಟ್ಟು. ಬೆರಳಿನಿಂದ ಹಿಮ್ಮಡಿಯವರೆಗೆ ಪಾದ ಬಿಡಿಸುತ್ತ ಇಳಿದರೆ ಸುಮ್ಮನಿರುತ್ತಾರೆ. ಒಮ್ಮೆಗೇ ಇಳಿದರೆ ತಕ್ಷಣ ಟಕ್. ಮೊದಲು ಸಿಟ್ಟು ಬರುತ್ತಿತ್ತು, ಈಗ ಎಣಿಸುತ್ತಿದ್ದೇನೆ.

ಫೆಬ್ರವರಿ 18, ಮಂಗಳವಾರ

ಮಧ್ಯಾಹ್ನ ಮೌನೇಶಣ್ಣ ಡಬ್ಬಿ ಬಿಚ್ಚಿ ನನ್ನ ಟೇಬಲ್ಲಿಗೇ ಬಂದು ಕೂತರು. ಮೂವತ್ತು ವರ್ಷದಿಂದ ಲಿಫ್ಟಿನ ಕೆಲಸ ಮಾಡುತ್ತಿರುವ ಹಿರಿಯ ಮೆಕ್ಯಾನಿಕ್. ಜಯನಗರದ ಒಂದು ನರ್ಸಿಂಗ್ ಹೋಮಿನ ಲಿಫ್ಟು ಪ್ರತಿ ಮಹಡಿಯಲ್ಲೂ ಧಡಕ್ಕೆಂದು ನಿಲ್ಲುತ್ತದೆಂದು ಎರಡು ಸಲ ದೂರು ಬಂದಿತ್ತು. ಏನು ಮಾಡಿದಿರಿ ಎಂದೆ.

"ಏನಿಲ್ಲ ಮೇಡಂ. ಫ್ಲೋರ್ ಬಂದ್ಮೇಲೆ ಬ್ರೇಕ್ ಹಿಡೀತಿತ್ತು. ಅದಕ್ಕೇ ಜರ್ಕ್. ಫ್ಲೋರ್ ಬರೋಕ್ ಮುಂಚೇನೇ ಸ್ಲೋ ಆಗೋ ತರ ಸೆಟ್ ಮಾಡ್ದೆ. ನಿಲ್ಲೋದು ಮೇಲಿಂದಾನೇ ಶುರುವಾಗ್ಬೇಕು."

ಅನ್ನ ಕಲಸುವ ಕೈ ನಿಲ್ಲಿಸಿ ಕೂತುಬಿಟ್ಟೆ. ನಾನು ನೆಲ ತಾಕಿದ ಮೇಲೆ ಮಂಡಿ ಬಗ್ಗಿಸುತ್ತಿದ್ದೇನೆ. ಇದನ್ನೇ ಚೈತನ್ಯ ಸಾರ್ ಆರು ತಿಂಗಳಿಂದ ಹೇಳುತ್ತಿದ್ದಾರೆ, ಫ್ರೆಂಚ್ ಪದಗಳಲ್ಲಿ.

ಫೆಬ್ರವರಿ 24, ಸೋಮವಾರ

ಐದು ಕುಟ್ಟು.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಉಪವಾಸದ ಹೊಟ್ಟೆ, ನಿದ್ದೆಯಿಲ್ಲದ ಕಣ್ಣು. ಇವತ್ತು ಬಿಡೋಣ ಎಂದುಕೊಂಡೇ ನೆಗೆದೆ.

ಹದಿನಾರಕ್ಕೆ ಸೊನ್ನೆ. ನಂಬಿಕೆಯಾಗದೆ ಮತ್ತೊಂದು ಸಲ ಮಾಡಿದೆ. ಸೊನ್ನೆ.

ಸೋಮನಾಥ್‌ರನ್ನು ಎಬ್ಬಿಸಿ ಹೇಳಿದೆ. "ಆಂಟಿ ಊರಲ್ಲಿಲ್ವೇನೋ" ಎಂದರು. ಬಗ್ಗಿ ನೋಡಿದರೆ ಅಂಗಳದಲ್ಲಿ ರಂಗೋಲಿ ಬಿದ್ದಿತ್ತು, ಕೆಳಗೆ ಟೀವಿಯೂ ಕೂಗುತ್ತಿತ್ತು. ಊರಲ್ಲೇ ಇದ್ದಾರೆ. ನಾನೇ ಕಲಿತುಬಿಟ್ಟಿದ್ದೇನೆ.

ಮಾರ್ಚ್ 5, ಬುಧವಾರ

ಒಂದು ವಾರದಿಂದ ಸೊನ್ನೆ. ಸಂತೋಷಕ್ಕೆ ಏನು ಬರೆಯುವುದೆಂದು ತಿಳಿಯುತ್ತಿಲ್ಲ. ಭಾನುವಾರದ ಬ್ಯಾಚಿಗೆಂದು ಹೊಸ ಸ್ಲಿಪ್ಪರ್ ತರಿಸಿದೆ. ತೆಳ್ಳಗಿನ ಬಟ್ಟೆಯ ಷೂ, ತಿಳಿಗುಲಾಬಿ. ತೊಳೆದು ತಾರಸಿಯ ಅಡ್ಡಗೋಡೆಯ ಮೇಲೆ ಒಣಗಿಹಾಕಿದ್ದೇನೆ, ಗೇಟಿನಿಂದಲೂ ಕಾಣುತ್ತದೆ. ಇಷ್ಟು ಬಂದ ಮೇಲೆ ದಿನಾ ಯಾಕೆ, ವಾರಕ್ಕೆರಡು ಸಲ ಸಾಕು ಅನಿಸುತ್ತಿದೆ.

ಕೆಳಗಿನ ಟೀವಿ ಇತ್ತೀಚೆಗೆ ವಿಪರೀತ. ಸೀರಿಯಲ್ಲಿನ ಅತ್ತೆ ಸೊಸೆಗೆ ಬೈಯುವುದು ನಮ್ಮ ನಡುಮನೆಯಲ್ಲೇ ನಡೆದಂತಿರುತ್ತದೆ. ನನ್ನ ಸದ್ದಿಗೆ ಕುಟ್ಟಿದವರು ಇವರೇನಾ? ಬೆಳಿಗ್ಗೆ ಗೇಟಿನ ಬಳಿ "ತಿಂಡಿ ಆಯ್ತಾ ಆಂಟಿ" ಎಂದರೆ ತಿರುಗಿಯೂ ನೋಡಲಿಲ್ಲ. ಕುಟ್ಟಲು ಅವಕಾಶ ಸಿಗುತ್ತಿಲ್ಲವೆಂದು ಕೋಪವೋ ಏನೋ.

ಮಾರ್ಚ್ 15, ಶನಿವಾರ

ಕ್ಲಾಸಿನಲ್ಲಿ ನಾನೇ ಮುಂದೆ ಬಂದು, "ಸಾರ್, ಒಂದ್ಸಲ ಟೆಸ್ಟ್ ಮಾಡಿ ನೋಡಿ" ಎಂದೆ. ಬೆನ್ನು ತಿರುಗಿಸಿ ನಿಂತರು. ನೆಗೆದೆ. ತಿರುಗಿದರು.

"ಒಂಬತ್ತು ಕೇಳಿಸ್ತು ಮೇಡಂ. ಹೋದ ತಿಂಗಳು ಚೆನ್ನಾಗ್ ಬರ್ತಿತ್ತಲ್ಲ. ಪ್ರಾಕ್ಟೀಸ್ ಬಿಟ್ರಾ?"

ಆಗಲು ಸಾಧ್ಯವಿಲ್ಲ ಎಂದೆ. ಇಲ್ಲಿಯದು ಮರದ ನೆಲ, ಟೊಳ್ಳು, ಅದಕ್ಕೇ ಸದ್ದು ಎಂದೆ. ನಮ್ಮ ಓನರ್‌ಗೇ ಕೇಳಿಸುತ್ತಿಲ್ಲ ಎಂದೂ ಅಂದೆ. ಪಕ್ಕದಲ್ಲಿದ್ದವರು ನೀರಿನ ಬಾಟಲಿ ಹುಡುಕುವ ನೆಪದಲ್ಲಿ ಬಗ್ಗಿದರು.

ಮನೆಗೆ ಬಂದವಳು ನೇರ ಕೆಳಗಿನ ಮನೆಗೆ ಹೋದೆ. ಬಾಗಿಲು ತೆರೆದಿತ್ತು, ಟೀವಿ ಕಿರುಚುತ್ತಿತ್ತು. ನಾಲ್ಕು ಸಲ ಕರೆದ ಮೇಲೆ ಎದುರಿಗೆ ಹೋಗಿ ನಿಂತೆ. ಅಂಜನಮ್ಮನವರು ನನ್ನ ತುಟಿ ನೋಡಿದರು, ಟೀವಿ ಆರಿಸಿದರು, ಕಿವಿ ತೋರಿಸಿದರು.

"ಗಟ್ಟಿಯಾಗ್ ಹೇಳಮ್ಮ. ಮಶೀನ್ ಇಲ್ಲ. ಶಿವರಾತ್ರಿ ದಿನ ತಲೆಗೆ ನೀರ್ ಹಾಕ್ಕೊಳ್ಳೋವಾಗ ಕಿವಿಯಿಂದ ತೆಗ್ಯೋದೇ ಮರ್ತೆ. ಜಯನಗರಕ್ಕೆ ರಿಪೇರಿಗ್ ಕೊಟ್ಟವ್ನೆ ನನ್ ಮಗ. ಬರೋದು ಇನ್ನೂ ಎರಡ್ಮೂರು ವಾರ ಆಯ್ತದಂತೆ."

ಅವರು ಕಿವಿಗೆ ಮಶೀನು ಹಾಕಿಕೊಳ್ಳುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ಕಿವಿ ಮುಚ್ಚುವಂತೆ ಕೂದಲು ಬಾಚುತ್ತಾರೆ. ಎರಡು ವರ್ಷದಿಂದ ಈ ಮನೆಯಲ್ಲಿದ್ದೇನೆ.

ಮೇಲೆ ಬಂದು ಸ್ಟೂಲು ಹಾಕಿಕೊಂಡು, ಎರಡೂ ಜೊತೆ ಸ್ಲಿಪ್ಪರ್‌ಗಳನ್ನು ಅಟ್ಟಕ್ಕೆ ಹಾಕಿದೆ. ಗಿಟಾರಿನ ಪಕ್ಕ. ಸೋಮನಾಥ್ ನೋಡಿದರು. ಈ ಸಲ ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿರುತ್ತಿತ್ತು.

ಮಾರ್ಚ್ 18, ಮಂಗಳವಾರ

ಏನೂ ಇಲ್ಲ.

ಮಾರ್ಚ್ 21, ಶುಕ್ರವಾರ

ಅಲಾರಂ ತೆಗೆದುಹಾಕಿದ್ದರೂ ಐದೂವರೆಗೆ ಎಚ್ಚರವಾಗುತ್ತದೆ. ದರಿದ್ರ ಅಭ್ಯಾಸ. ಹಾಲು ಕಾಯಲು ಇಟ್ಟು, ಕಟ್ಟೆ ಹಿಡಿದು ಕಾಯುತ್ತಿದ್ದೆ. ನೋಡಿದರೆ ಹಿಮ್ಮಡಿ ಎತ್ತಿಕೊಂಡು ನಿಂತಿದ್ದೇನೆ. ಹಾಲು ಉಕ್ಕುವವರೆಗೂ ಇಳಿಸಲಿಲ್ಲ. ಇದನ್ನು ಪ್ರಾಕ್ಟೀಸ್ ಎನ್ನುವುದಿಲ್ಲ, ಸುಮ್ಮನೆ ಹಾಲು ಕಾಯಿಸಿದ್ದು.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಂಜನಮ್ಮನವರು. ಮೆಟ್ಟಿಲು ಹತ್ತಿ ಬಂದಿದ್ದಾರೆ, ಮೆಟ್ಟಿಲ ಕಂಬಿ ಹಿಡಿದುಕೊಂಡು ಉಸಿರು ತೆಗೆದುಕೊಳ್ಳುತ್ತಿದ್ದಾರೆ. ಈ ಎರಡು ವರ್ಷದಲ್ಲಿ ಅವರು ಮೇಲೆ ಬಂದದ್ದು ಇದೇ ಮೊದಲು.

"ಯಾಕಮ್ಮ, ಹುಷಾರಿಲ್ವಾ?" ಎಂದರು, ಬೀದಿಗೆಲ್ಲ ಕೇಳುವ ಹಾಗೆ.

ಚೆನ್ನಾಗಿದ್ದೇನೆ ಎಂದು ತಲೆಯಾಡಿಸಿದೆ.

"ಒಂದು ವಾರದಿಂದ ದೀಪ ಅಲ್ಲಾಡ್ಲಿಲ್ಲ. ಮಲಗ್ಬಿಟ್ಯೇನೋ ಅಂದ್ಕೊಂಡೆ."

ಅರ್ಥವಾಗಲಿಲ್ಲ. ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ ದೇವರಮನೆ ತೋರಿಸಿದರು. ನಮ್ಮ ನಡುಮನೆಯ ಸರಿಯಾಗಿ ಕೆಳಗೆ ಇದೆ. ಚಾವಣಿಯ ಕೊಂಡಿಯಿಂದ ಸರಪಣಿಯಲ್ಲಿ ಒಂದು ಹಿತ್ತಾಳೆಯ ತೂಗುದೀಪ. ನಾನು ಮೇಲೆ ನೆಗೆದರೆ ಅದು ತೂಗುತ್ತದಂತೆ. ಜೋರಾಗಿ ಇಳಿದರೆ ಎಣ್ಣೆ ಕೂಡ ತುಳುಕುತ್ತದಂತೆ. ಕಿವಿ ಕೇಳದ ಈ ದಿನಗಳಲ್ಲಿ ಅವರು ಪೂಜೆಗೆ ಕೂತು ಅದನ್ನೇ ನೋಡುತ್ತಿದ್ದರು.

"ಮತ್ತೆ ಕುಟ್ಲಿಲ್ವಲ್ಲ ಆಂಟಿ ನೀವು" ಎಂದು ಕೂಗಿದೆ.

"ಕೇಳಿಸ್ದೆ ಇರೋದಕ್ಕೆ ಯಾಕಮ್ಮ ಕುಟ್ಲಿ. ಮನೇಲಿ ಯಾರೋ ಅವ್ರೆ ಅಂತ ಗೊತ್ತಾಗ್ತಿತ್ತು, ಅಷ್ಟೇ ಸಾಕಾಗಿತ್ತು."

ಹೇಳಬಾರದೆಂದಿದ್ದೆ, ಕೂಗಿ ಹೇಳಿಬಿಟ್ಟೆ. ಡಾಕ್ಟರು ಹೇಳಿದ್ದಲ್ಲ, ಮಂಡಿಗಲ್ಲ, ಇದೊಂದು ಡ್ಯಾನ್ಸು, ಪರೀಕ್ಷೆ ಇದೆ, ನನಗೆ ಬರುವುದಿಲ್ಲ, ಬಿಟ್ಟಿದ್ದೇನೆ ಎಂದೆ.

"ಡ್ಯಾನ್ಸು ಅಂತ ಗೊತ್ತು ಬಿಡು. ತಾರಸಿ ಗೋಡೆ ಮೇಲೆ ಗುಲಾಬಿ ಬೂಟು ಒಣಗಾಕಿದ್ಯಲ್ಲ, ಅದನ್ಯಾವ ಡಾಕ್ಟ್ರು ಬರ್ಕೊಡ್ತಾನೆ" ಎಂದರು. ಆಮೇಲೆ ದೀಪದ ಬತ್ತಿ ಸರಿಮಾಡುತ್ತ, "ಈಗ ಅಲ್ಲಾಡಿದ್ರೆ ಕುಟ್ಲಾ?" ಎಂದು ಕೇಳಿದರು.

ಮಾರ್ಚ್ 24, ಸೋಮವಾರ

ಬರಿಗಾಲಲ್ಲಿ ನೆಗೆದೆ. ಹದಿನಾರಕ್ಕೆ ಹದಿಮೂರು. ಕಿವಿಗಿಂತ ದೀಪ ಕಠಿಣ.

ಮಾರ್ಚ್ 26, ಬುಧವಾರ

ಹತ್ತು. ಆಫೀಸಿಗೆ ಹೋಗುವಾಗ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ.

ಮಾರ್ಚ್ 28, ಶುಕ್ರವಾರ

ಎಂಟು. ಮೌನೇಶಣ್ಣನಿಗೆ ಎಲ್ಲ ಹೇಳಿದೆ. ನಗಲಿಲ್ಲ. "ಉಸ್ರು ಎಲ್ಲಿ ಬಿಡ್ತೀರ ಮೇಡಂ, ಮೇಲೋ ಕೆಳಗೋ?" ಎಂದು ಕೇಳಿದರು. ನೋಡಿಕೊಳ್ಳಬೇಕು.

ಮಾರ್ಚ್ 30, ಭಾನುವಾರ, ಯುಗಾದಿ

ಎಣ್ಣೆಸ್ನಾನಕ್ಕೆ ಮುಂಚೆ ನೆಗೆದೆ. ಐದು. ಅಂಜನಮ್ಮನವರು ಹನ್ನೆರಡು ಒಬ್ಬಟ್ಟು ಕಳಿಸಿದರು. ಸೋಮನಾಥ್ ಅಟ್ಟದಿಂದ ಹಬ್ಬದ ದೊಡ್ಡ ಪಾತ್ರೆ ಇಳಿಸುವಾಗ ಸ್ಲಿಪ್ಪರ್‌ಗಳನ್ನೂ ಇಳಿಸಿ ಚಪ್ಪಲಿ ಸ್ಟ್ಯಾಂಡಿನಲ್ಲಿ ಇಟ್ಟಿದ್ದಾರೆ.

ಏಪ್ರಿಲ್ 3, ಗುರುವಾರ

ನಾಲ್ಕು. ಅಂಜನಮ್ಮನವರ ಮಶೀನು ಬಂತು. ಟೀವಿ ತಗ್ಗಿತು.

ಏಪ್ರಿಲ್ 5, ಶನಿವಾರ

ಎಂಟು ಜನರಲ್ಲಿ ನನ್ನದು ಆರನೆಯ ಸರದಿ. ಚೈತನ್ಯ ಸಾರ್ ಗೋಡೆಗೆ ಮುಖ ಮಾಡಿ ನಿಂತರು. ತೂಗುದೀಪವನ್ನು ನೆನೆಸಿಕೊಂಡು ನೆಗೆದೆ.

ಎಂಟರವರೆಗೆ ಏನೂ ಇಲ್ಲ. ಒಂಬತ್ತನೆಯದು ಜಾರಿತು. ಹನ್ನೆರಡನೆಯದು ಬಲಗಾಲು ಮುಂಚೆ ಬಂತು. ಹದಿನೈದೂ ಮುಗಿದು ಕೊನೆಯದೊಂದು ಬಾಕಿ ಇದ್ದಾಗ, ಮುಗಿಯಿತಲ್ಲ ಎಂಬ ಸಂತೋಷಕ್ಕೆ ಧಪ್ಪೆಂದು ಇಳಿದೆ.

ಅವರು ತಿರುಗುವ ಮುಂಚೆಯೇ ನಾನೇ ಹೇಳಿದೆ, "ಮೂರು ಸಾರ್. ಒಂಬತ್ತು, ಹನ್ನೆರಡು, ಹದಿನಾರು."

ಸಾರ್ ತಿರುಗಿದರು. "ಹೌದು ಮೇಡಂ, ಮೂರೇ" ಎಂದರು. ಎರಡಕ್ಕಿಂತ ಹೆಚ್ಚಾದರೆ ಫೇಲು ಎಂದು ಅವರು ಹೇಳಬೇಕಾಗಲಿಲ್ಲ. "ಜುಲೈನಲ್ಲಿ ಮತ್ತೆ ಟೆಸ್ಟ್ ಇಡ್ತೀನಿ. ಅಲ್ಲೀವರೆಗೆ ಕ್ಲಾಸ್ ಕೊಡಕ್ಕಾಗಲ್ಲ. ಮನೇಲೇ ಮಾಡ್ಕೊಬೇಕು, ಒಬ್ಬರೇ. ಕಷ್ಟ ಅದು."

ಮೂರು ತಿಂಗಳು ಕ್ಲಾಸಿಲ್ಲ, ಜೊತೆಯಿಲ್ಲ. ನನ್ನಂಥವಳು ಮೂರು ವಾರ ಎಳೆದರೆ ಹೆಚ್ಚು. ಲಿಫ್ಟು ಸರಿಯಿದ್ದರೂ ಮೆಟ್ಟಿಲಿನಲ್ಲೇ ಇಳಿದು ಬಂದೆ. ಸೋಮನಾಥ್ ಮುಖ ನೋಡಿ ತಿಳಿದುಕೊಂಡು ಕಾಫಿ ಮಾಡಿಕೊಟ್ಟರು. ಕೆಳಗಿನ ಮನೆಗೆ ಹೇಳಲು ಹೋಗಲಿಲ್ಲ. ನಾಳೆ ಎದ್ದೇಳುವುದಿಲ್ಲ. ಯಾವುದಕ್ಕೆ ಏಳಬೇಕು?

ಏಪ್ರಿಲ್ 6, ಭಾನುವಾರ

ಎಚ್ಚರವಾಯಿತು. ಮಗ್ಗುಲು ಬದಲಿಸಿ ಮಲಗಿಯೇ ಇದ್ದೆ. ಆರಾಯಿತು. ಎದ್ದು ಹಾಲಿಟ್ಟೆ, ಇವತ್ತು ಸುಮ್ಮನೆ ಕಾಫಿ ಕುಡಿಯೋಣ ಎಂದು. ಕಟ್ಟೆಯ ಮೇಲೆ ಕೈ ಕೂಡ ಇಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದೆ.

ಟಕ್ ಟಕ್ ಟಕ್.

ನಾನಿನ್ನೂ ನೆಗೆದೇ ಇರಲಿಲ್ಲ. ಸೋಮನಾಥ್ ಮಲಗಿದ್ದರು, ಮನೆಯಲ್ಲಿ ಒಂದು ಚಮಚ ಕೂಡ ಬಿದ್ದಿರಲಿಲ್ಲ. ಏನೋ ತಪ್ಪಾಗಿ ಕುಟ್ಟಿದ್ದಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಟಕ್ ಟಕ್, ಈ ಸಲ ಜೋರಾಗಿ. ತಪ್ಪಾಗಿ ಅಲ್ಲ. ಕಿವಿಗೆ ಮಶೀನು ಹಾಕಿಕೊಂಡು, ದೀಪದ ಕೆಳಗೆ ಕೋಲು ಹಿಡಿದು ಕಾಯುತ್ತ ಕೂತಿದ್ದಾರೆ.

ಒಲೆ ಸಣ್ಣ ಮಾಡಿ ನಡುಮನೆಗೆ ಹೋದೆ.

ಹದಿನಾರಕ್ಕೆ ಎರಡು. ನಾಳೆ ಆಫೀಸಿಗೆ ಬೇಗ ಹೋಗಬೇಕು, ಐದೂಕಾಲಿಗೇ ಶುರು ಮಾಡುತ್ತೇನೆಂದು ಕೆಳಗೆ ಹೇಳಿ ಬರಬೇಕು.